ಸಾವಿರ ಸಲ ತೆರೆಯುವ ಬಾಗಿಲು

ಮನೆಯ ಮಲಗುವ ಕೋಣೆಯ ಬಾಗಿಲು ದಿನಕ್ಕೆ ಹೆಚ್ಚೆಂದರೆ ಮೂವತ್ತು ಸಲ ತೆರೆದು ಮುಚ್ಚೀತು. ಜನಸಂದಣಿಯ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲು, ಬ್ಯಾಂಕಿನ ಮುಂಬಾಗಿಲು, ಕಾಲೇಜಿನ ಶೌಚಾಲಯದ ಬಾಗಿಲು ಇವುಗಳ ಲೆಕ್ಕವೇ ಬೇರೆ. ದಿನಕ್ಕೆ ಸಾವಿರ ಸಲ ಎಂಬುದು ಅಲ್ಲಿ ಅಸಾಧಾರಣವೇನಲ್ಲ. ಒಮ್ಮೆ ತೆರೆದು ಮುಚ್ಚುವುದನ್ನು ಒಂದು ಆವರ್ತನ ಎಂದರೆ, ಮೊದಲನೆಯದು ವರ್ಷಕ್ಕೆ ಸುಮಾರು 11,000 ಆವರ್ತನಗಳಾದರೆ, ಎರಡನೆಯದು 300 ಕೆಲಸದ ದಿನಗಳಲ್ಲಿ 3 ಲಕ್ಷವಾಗುತ್ತದೆ. ಮನೆಯ ಬಾಗಿಲು ಇಪ್ಪತ್ತೇಳು ವರ್ಷಗಳಲ್ಲಿ ಕಾಣುವ ದುಡಿಮೆಯನ್ನು ಇದು ಒಂದೇ ವರ್ಷದಲ್ಲಿ ಕಂಡುಬಿಡುತ್ತದೆ. ಆದರೂ ಎರಡಕ್ಕೂ ಒಂದೇ ಅಂಗಡಿಯಿಂದ, ಒಂದೇ ಬಗೆಯ ಹಿಂಜ್ ಮತ್ತು ಹಿಡಿಕೆಗಳನ್ನು ತಂದು ಜೋಡಿಸುವ ರೂಢಿ ನಮ್ಮಲ್ಲಿದೆ. ಬಾಗಿಲಿನ ಫಿಟ್ಟಿಂಗ್‌ಗಳನ್ನು ಹೊಳಪು ಮತ್ತು ತೂಕ ನೋಡಿ ಕೊಳ್ಳುವ ಬದಲು, ಆ ಬಾಗಿಲು ಎಷ್ಟು ಸಲ ತೆರೆಯುತ್ತದೆ, ಯಾವ ಗಾಳಿಯಲ್ಲಿ ನಿಂತಿದೆ, ಗಾಬರಿಗೊಂಡ ಜನ ಅದರತ್ತ ಓಡಿ ಬಂದರೆ ಏನಾಗುತ್ತದೆ ಎಂಬುದನ್ನು ನೋಡಿ ಕೊಳ್ಳಬೇಕು.

ಆವರ್ತನಗಳ ಈ ಲೆಕ್ಕವನ್ನು ತಯಾರಕರು ಬಹಳ ಹಿಂದೆಯೇ ಒಪ್ಪಿಕೊಂಡಿದ್ದಾರೆ. ಯುರೋಪಿನ ಇಎನ್ 1935 ಮಾನದಂಡದ ಮೇಲಿನ ದರ್ಜೆಯ ಹಿಂಜ್‌ಗಳು ಪರೀಕ್ಷಾ ಯಂತ್ರದಲ್ಲಿ 2 ಲಕ್ಷ ಸಲ ತೆರೆದು ಮುಚ್ಚಬೇಕು. ಇಎನ್ 1154ರ ಪ್ರಕಾರ ಡೋರ್ ಕ್ಲೋಸರ್, ಅಂದರೆ ತೆರೆದ ಬಾಗಿಲನ್ನು ತಾನಾಗಿ ಮುಚ್ಚುವ ಸಾಧನ, 5 ಲಕ್ಷ ಸಲ ದುಡಿಯಬೇಕು. ಅಮೆರಿಕದ ಬಿಎಚ್‌ಎಂಎ ಮಾನದಂಡದಲ್ಲಿ ಮೊದಲ ದರ್ಜೆಯ ಕ್ಲೋಸರ್‌ಗೆ ಈ ಮಿತಿ 20 ಲಕ್ಷ. ದಿನಕ್ಕೆ ಸಾವಿರದ ಬಾಗಿಲಿನಲ್ಲಿ 5 ಲಕ್ಷವೆಂದರೆ 500 ದಿನ, 20 ಲಕ್ಷವೆಂದರೆ 2,000 ದಿನ. ಪರೀಕ್ಷೆ ಮುಗಿದ ದಿನವೇ ವಸ್ತುವಿನ ಆಯಸ್ಸು ಮುಗಿಯುತ್ತದೆ ಎಂದು ಇದರ ಅರ್ಥವಲ್ಲ, ಅಲ್ಲಿಯವರೆಗೆ ಅದು ಕೈಕೊಡುವಂತಿಲ್ಲ ಎಂದಷ್ಟೇ. ಆದರೂ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಲೆ ಹೋಲಿಸುವಾಗ, ರೂಪಾಯಿಯನ್ನು ಆವರ್ತನಗಳಿಂದ ಭಾಗಿಸಿ ನೋಡಿದರೆ ದುಬಾರಿ ಎನಿಸಿದ್ದು ಅನೇಕ ಸಲ ಅಗ್ಗವಾಗಿ ಕಾಣುತ್ತದೆ.

ಹಿಂಜ್ ಹೊರುವ ಭಾರ ಬಾಗಿಲಿನ ತೂಕವಷ್ಟೇ ಎಂದು ಭಾವಿಸುವುದು ಸಹಜ. ಬಾಗಿಲಿನ ಗುರುತ್ವಕೇಂದ್ರ ಹಿಂಜ್‌ಗಳ ಸಾಲಿನಿಂದ ಅರ್ಧ ಬಾಗಿಲಿನಷ್ಟು ದೂರದಲ್ಲಿರುವುದರಿಂದ, ಬಾಗಿಲು ಸದಾ ಮುಂದಕ್ಕೆ ವಾಲಲು ಹವಣಿಸುತ್ತದೆ. ಮೇಲಿನ ಹಿಂಜ್ ಚೌಕಟ್ಟಿನಿಂದ ಕಿತ್ತು ಬರುವಂತೆ ಎಳೆತಕ್ಕೆ ಸಿಕ್ಕುತ್ತದೆ, ಕೆಳಗಿನದು ಚೌಕಟ್ಟಿಗೆ ಒತ್ತಲ್ಪಡುತ್ತದೆ. 90 ಸೆಂಟಿಮೀಟರ್ ಅಗಲದ, 60 ಕಿಲೋ ತೂಕದ ಬಾಗಿಲಿನಲ್ಲಿ ಮೇಲಿನ ಮತ್ತು ಕೆಳಗಿನ ಹಿಂಜ್‌ಗಳ ನಡುವೆ 170 ಸೆಂಟಿಮೀಟರ್ ಅಂತರವಿದ್ದರೆ, ಈ ಅಡ್ಡ ಎಳೆತ 60ನ್ನು 45ರಿಂದ ಗುಣಿಸಿ 170ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 16 ಕಿಲೋ. ಬಾಗಿಲನ್ನು 110 ಸೆಂಟಿಮೀಟರಿಗೆ ಅಗಲಿಸಿ ತೂಕ 80 ಕಿಲೋಗೆ ಏರಿದರೆ ಎಳೆತ 26 ಕಿಲೋ ಮುಟ್ಟುತ್ತದೆ. ತೂಕ ಮೂರನೆಯ ಒಂದರಷ್ಟು ಹೆಚ್ಚಿದರೆ ಎಳೆತ ಶೇಕಡಾ 60ಕ್ಕಿಂತ ಹೆಚ್ಚು ಏರಿತು. ಅಗಲವಾದ ಬಾಗಿಲುಗಳು ಬೇಗ ಜೋತುಬೀಳುವುದಕ್ಕೆ ಕಾರಣ ಇದೇ, ಮತ್ತು ಅವು ಜೋತುಬೀಳುವಾಗ ಮೊದಲು ಸಡಿಲವಾಗುವುದು ಬಹುಪಾಲು ಮೇಲಿನ ಹಿಂಜ್‌ನ ಸ್ಕ್ರೂಗಳೇ.

ಆದ್ದರಿಂದ ಮೂರನೆಯ ಹಿಂಜ್ ಎಲ್ಲಿರಬೇಕು ಎಂಬುದು ಬಡಗಿಯ ಇಷ್ಟಕ್ಕೆ ಬಿಡುವ ವಿಷಯವಲ್ಲ. ಮರದ ಹಲಗೆ ಬಾಗದಂತೆ ತಡೆಯುವುದು ಉದ್ದೇಶವಾದರೆ ನಟ್ಟನಡುವೆ ಇರುವುದು ಸರಿ. ಬಾಗಿಲು ಭಾರವಾಗಿದ್ದು ಮೇಲೆ ಕ್ಲೋಸರ್ ಕೂಡ ಇದ್ದರೆ, ಮೇಲಿನ ಹಿಂಜ್‌ನ ಸ್ವಲ್ಪ ಕೆಳಗೆ ಇಟ್ಟಾಗ ಎಳೆತವನ್ನು ಎರಡೂ ಹಂಚಿಕೊಳ್ಳುತ್ತವೆ. ಇನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ, ಹಿಂಜ್ ಪಕ್ಕದಲ್ಲಿ ಕಲ್ಲನ್ನೋ ಮರದ ತುಂಡನ್ನೋ ಸಿಕ್ಕಿಸಿ ತೆರೆದಿಡುವ ಅಭ್ಯಾಸ ಇದೆಯಲ್ಲ, ಅದು ಹಿಂಜ್‌ಗೆ ಮಾರಕ. ಹಿಂಜ್‌ನಿಂದ 3 ಸೆಂಟಿಮೀಟರ್ ದೂರದಲ್ಲಿ ಕಲ್ಲು ಸಿಕ್ಕಿಕೊಂಡಿರುವಾಗ ಬಾಗಿಲಿನ ಅಂಚನ್ನು ಯಾರಾದರೂ 10 ಕಿಲೋ ಬಲದಿಂದ ತಳ್ಳಿದರೆ, ಸನ್ನೆಯ ನಿಯಮದಂತೆ ಆ ಕಲ್ಲಿನ ಮೇಲೆ 300 ಕಿಲೋ ಬಲ ಬೀಳುತ್ತದೆ. ಅಷ್ಟು ಬಲಕ್ಕೆ ಮಣಿಯದ ಸ್ಕ್ರೂ ಅಪರೂಪ.

ಹಿಂಜ್‌ನ ಗಂಟುಗಳ (ಕಡ್ಡಿಯ ಸುತ್ತ ತಿರುಗುವ ಕೊಳವೆಯಂಥ ಭಾಗಗಳ) ನಡುವೆ ಕಪ್ಪು ಪುಡಿ ಉದುರುತ್ತಿದ್ದರೆ ಲೋಹ ಲೋಹವನ್ನು ತಿನ್ನುತ್ತಿದೆ ಎಂದು ತಿಳಿಯಬೇಕು. ಹೆಚ್ಚು ಓಡಾಟದ ಬಾಗಿಲಿಗೆ ಬಾಲ್ ಬೇರಿಂಗ್ ಇರುವ ಹಿಂಜ್ ಬೇಕೆನ್ನುವುದು ಇದಕ್ಕಾಗಿಯೇ; ಜಾರುವ ಘರ್ಷಣೆಯ ಜಾಗದಲ್ಲಿ ಉರುಳುವ ಘರ್ಷಣೆ ಬರುವುದರಿಂದ ಸವೆತ ಬಹಳ ಇಳಿಯುತ್ತದೆ. ನೈಲಾನ್ ವಾಷರ್ ಇರುವವು ಸದ್ದಿಲ್ಲದೆ ತಿರುಗುತ್ತವೆ, ಸಾಧಾರಣ ಬಾಗಿಲುಗಳಿಗೆ ಸಾಲುತ್ತವೆ, ಆದರೆ ಬೆಂಕಿ ತಡೆಯುವ ಬಾಗಿಲಿಗೆ ಅವು ಸಲ್ಲವು. ಬಾಗಿಲುಗಳ ಅಗ್ನಿಪರೀಕ್ಷೆಯಲ್ಲಿ ಬಳಸುವ ಐಎಸ್‌ಒ 834 ವಕ್ರರೇಖೆಯ ಪ್ರಕಾರ ಕುಲುಮೆಯ ಉಷ್ಣತೆ 30 ನಿಮಿಷಕ್ಕೆ 842 ಡಿಗ್ರಿ ಸೆಲ್ಸಿಯಸ್, 60 ನಿಮಿಷಕ್ಕೆ 945 ಡಿಗ್ರಿಗೆ ಏರುತ್ತದೆ. ಅಲ್ಯೂಮಿನಿಯಂ ಕರಗುವ 660 ಡಿಗ್ರಿಯನ್ನು ಅದು ಒಂಬತ್ತು ನಿಮಿಷಗಳ ಆಸುಪಾಸಿನಲ್ಲೇ ದಾಟುತ್ತದೆ. ಹಲಗೆ ಎರಡು ಗಂಟೆ ಬೆಂಕಿ ತಡೆದರೂ ಅದನ್ನು ಹಿಡಿದ ಹಿಂಜ್ ಹತ್ತು ನಿಮಿಷದಲ್ಲಿ ಸೋತರೆ ಬಾಗಿಲು ಚೌಕಟ್ಟಿನಿಂದ ಕಳಚಿ ಬೀಳುತ್ತದೆ.

ಈಗ ಲೋಹದ ಮಾತು. ಅಂಗಡಿಯಲ್ಲಿ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಎಂದು ಹೇಳಿ ಕೊಡುವ ಹಿಡಿಕೆಗಳಲ್ಲಿ ಕನಿಷ್ಠ ಮೂರು ಜಾತಿಗಳಿವೆ. 304 ಎಂಬುದರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿಯಾದ್ದರಿಂದ ಅದರ ಬಹುಭಾಗವನ್ನು ತೆಗೆದು ಮ್ಯಾಂಗನೀಸ್ ಸೇರಿಸಿದ್ದು 202. ಸುಮಾರು ಶೇಕಡಾ 2ರಷ್ಟು ಮಾಲಿಬ್ಡಿನಂ ಸೇರಿಸಿದ್ದು 316. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂ ಆಕ್ಸೈಡಿನ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ; ಗೀರು ಬಿದ್ದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಅದು ಮತ್ತೆ ತಾನಾಗಿ ಬೆಳೆಯುತ್ತದೆ. ಈ ಪೊರೆಯ ದೊಡ್ಡ ವೈರಿ ಕ್ಲೋರೈಡ್, ಅಂದರೆ ಉಪ್ಪು. ಮಾಲಿಬ್ಡಿನಂ ಪೊರೆಯನ್ನು ಕ್ಲೋರೈಡಿನ ವಿರುದ್ಧ ಗಟ್ಟಿಗೊಳಿಸುತ್ತದೆ. ಮಂಗಳೂರು, ಮಲ್ಪೆ, ಕಾರವಾರದಂಥ ಊರುಗಳಲ್ಲಿ ಕಡಲಿಗೆ ಮುಖ ಮಾಡಿದ ಕಟ್ಟಡಗಳ ಹೊರಬಾಗಿಲಿಗೆ 316ನ್ನೇ ಕೇಳಬೇಕೆನ್ನುವುದು ಇದಕ್ಕಾಗಿ. ಬಳ್ಳಾರಿಯ ಒಣ ಹವೆಗೆ 304 ಧಾರಾಳವಾಗಿ ಸಾಕು.

ಕರಾವಳಿಯ ಮಳೆಯೇ ತುಕ್ಕಿಗೆ ಕಾರಣ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಮಳೆ ನೇರವಾಗಿ ಬಡಿಯುವ ಸ್ಟೇನ್‌ಲೆಸ್ ಹಿಡಿಕೆ ಅನೇಕ ಸಲ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಮಳೆನೀರು ಅದರ ಮೇಲಿನ ಉಪ್ಪನ್ನು ತೊಳೆಯುತ್ತದೆ. ಮಳೆ ತಾಗದ, ಆದರೆ ಉಪ್ಪುಗಾಳಿ ಬೀಸುವ ಪಡಸಾಲೆಯ ಒಳಗಿನ ಹಿಡಿಕೆಯ ಮೇಲೆ ಉಪ್ಪು ಪದರಪದರವಾಗಿ ಕೂತು, ಕಂದು ಕಲೆಗಳು ಮೂಡುತ್ತವೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸುವುದು ಯಾವ ಲೇಪಕ್ಕೂ ಕಡಿಮೆಯಿಲ್ಲದ ರಕ್ಷಣೆ. ಒಳನಾಡಿನಲ್ಲಿ ಉಪ್ಪುಗಾಳಿ ಇಲ್ಲದಿದ್ದರೂ ಶೌಚಾಲಯದ ಟೈಲ್ಸ್ ತೊಳೆಯಲು ಸುರಿಯುವ ಆಸಿಡ್ ಇದೆ; ಅದು ಹೈಡ್ರೋಕ್ಲೋರಿಕ್ ಆಮ್ಲ, ಅದರ ಹೊಗೆಯಲ್ಲೂ ಕ್ಲೋರೈಡ್ ಇದೆ, ಮತ್ತು 304ರ ಹಿಂಜ್ ಕೂಡ ಅದರ ಮುಂದೆ ಬಾಳುವುದಿಲ್ಲ. ಶೌಚಾಲಯದ ಬಾಗಿಲಿನ ಹಿಂಜ್ ಬೇಗ ಹಾಳಾಯಿತು ಎಂದು ದೂರುವವರು ಮೊದಲು ತೊಳೆಯುವ ಬಾಟಲಿಯನ್ನು ನೋಡುವುದು ಒಳ್ಳೆಯದು.

ಅಯಸ್ಕಾಂತ ಅಂಟದಿದ್ದರೆ ಅಸಲಿ ಎಂದು ಪರೀಕ್ಷಿಸುವವರು ಇನ್ನೂ ಇದ್ದಾರೆ. 202ಕ್ಕೂ 304ಕ್ಕೂ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ, ಹಾಗಾಗಿ ಈ ಪರೀಕ್ಷೆ ಆ ಎರಡನ್ನು ಬೇರ್ಪಡಿಸಲಾರದು. ದೊಡ್ಡ ಖರೀದಿಯಾದರೆ ತಯಾರಕರಿಂದ ಲೋಹದ ಪರೀಕ್ಷಾ ಪ್ರಮಾಣಪತ್ರ ಕೇಳುವುದೇ ದಾರಿ. ಕೈಯಲ್ಲಿ ಹಿಡಿದಾಗ ಭಾರವೆನಿಸಿ ಒಳ್ಳೆಯದೆಂಬ ಭ್ರಮೆ ಹುಟ್ಟಿಸುವ ಅನೇಕ ಹಿಡಿಕೆಗಳು ಸತುವಿನ ಮಿಶ್ರಲೋಹದ ಎರಕಗಳು. ಮೇಲೆ ಕ್ರೋಮ್ ಲೇಪವಷ್ಟೇ ಇರುತ್ತದೆ. ಲೇಪದಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು, ಒಳಗಿನ ಸತು ಸವೆಯುತ್ತ ಹೋಗುತ್ತದೆ. ಸ್ಕ್ರೂಗಳ ವಿಷಯ ಇನ್ನೂ ವಿಚಿತ್ರ. ಸ್ಟೇನ್‌ಲೆಸ್ ಹಿಂಜ್ ತಂದು, ನಾಲ್ಕು ಕಾಸು ಉಳಿಸಲು ಸತುವಿನ ಲೇಪದ ಕಬ್ಬಿಣದ ಸ್ಕ್ರೂ ಹಾಕಿದರೆ, ತೇವವಿದ್ದಾಗ ಎರಡೂ ಸೇರಿ ಒಂದು ವಿದ್ಯುತ್ಕೋಶವಾಗುತ್ತವೆ. ದೊಡ್ಡ ಹಿಂಜ್ ಸುರಕ್ಷಿತವಾಗಿ ಉಳಿದು, ಅದರ ಪಾಲಿನ ಸವೆತವೆಲ್ಲ ಪುಟ್ಟ ಸ್ಕ್ರೂವಿನ ಮೇಲೆ ಬೀಳುತ್ತದೆ. ಬಾಗಿಲು ಕಳಚಿಬಿದ್ದಾಗ ಹಿಂಜ್ ಹೊಸದರಂತೆಯೇ ಹೊಳೆಯುತ್ತಿರುತ್ತದೆ.

ಡೋರ್ ಕ್ಲೋಸರ್ ಒಳಗಿರುವುದು ಒಂದು ಸ್ಪ್ರಿಂಗ್, ಹಲ್ಲಿನ ಪಟ್ಟಿ ಮತ್ತು ಚಕ್ರ, ಹಾಗೂ ಎಣ್ಣೆ. ಬಾಗಿಲು ತೆರೆಯುವವರ ತೋಳಿನ ಶಕ್ತಿ ಸ್ಪ್ರಿಂಗಿನಲ್ಲಿ ಸಂಗ್ರಹವಾಗುತ್ತದೆ. ಮುಚ್ಚುವಾಗ ಆ ಶಕ್ತಿ ಒಮ್ಮೆಲೇ ಸಿಡಿಯದಂತೆ, ಇಂಜೆಕ್ಷನ್ ಸಿರಿಂಜಿನ ಮದ್ದಿನ ಹಾಗೆ ಎಣ್ಣೆ ಕಿರಿದಾದ ದಾರಿಯಲ್ಲಿ ನಿಧಾನವಾಗಿ ಹರಿಯುತ್ತದೆ. ಪಕ್ಕದಲ್ಲಿರುವ ಎರಡು ಪುಟ್ಟ ಸ್ಕ್ರೂಗಳು ಈ ದಾರಿಗಳನ್ನು ಕಿರಿದು ಹಿರಿದು ಮಾಡುವ ಕವಾಟಗಳು: ಒಂದು ಬಹುಪಾಲು ದೂರದ ವೇಗಕ್ಕೆ, ಇನ್ನೊಂದು ಕೊನೆಯ ಕೆಲವು ಡಿಗ್ರಿಗಳಲ್ಲಿ ಚಿಲಕ ಬೀಳುವ ವೇಗಕ್ಕೆ. ಅವನ್ನು ಕಾಲು ಸುತ್ತಿನಷ್ಟೇ ತಿರುಗಿಸಿ ನೋಡಬೇಕು. ಪೂರ್ತಿ ಬಿಚ್ಚಿದರೆ ಎಣ್ಣೆ ಹೊರಬಂದು ಕ್ಲೋಸರ್ ಅಲ್ಲಿಗೆ ಮುಗಿಯಿತು. ಎಣ್ಣೆ ಜಿನುಗುವ ಕ್ಲೋಸರನ್ನು ರಿಪೇರಿ ಮಾಡಿಸುವುದೂ ವ್ಯರ್ಥ ಖರ್ಚು, ಬದಲಿಸುವುದೇ ಸರಿ.

ಕ್ಲೋಸರಿನ ಅಳತೆಯನ್ನು ಬಾಗಿಲಿನ ಅಗಲ ಮತ್ತು ತೂಕ ನಿರ್ಧರಿಸುತ್ತವೆ. ಇಎನ್ 1154ರಲ್ಲಿ 3ನೇ ಅಳತೆ 95 ಸೆಂಟಿಮೀಟರ್ ಮತ್ತು 60 ಕಿಲೋವರೆಗೆ, 4ನೆಯದು 110 ಸೆಂಟಿಮೀಟರ್ ಮತ್ತು 80 ಕಿಲೋವರೆಗೆ, 5ನೆಯದು 125 ಸೆಂಟಿಮೀಟರ್ ಮತ್ತು 100 ಕಿಲೋವರೆಗೆ. ‘ದೊಡ್ಡದೇ ಇರಲಿ’ ಎಂದು ಬಲವಾದ ಸ್ಪ್ರಿಂಗ್ ಹಾಕಿಸಿದರೆ ಮುದುಕರು, ಮಕ್ಕಳು, ಗಾಲಿಕುರ್ಚಿಯವರು ಬಾಗಿಲು ತೆರೆಯಲಾರರು. ಅಮೆರಿಕದ ಅಂಗವಿಕಲರ ಕಾಯ್ದೆಯಡಿಯ ಮಾನದಂಡವು ಒಳಬಾಗಿಲಿನ ತಳ್ಳುಬಲವನ್ನು 22.2 ನ್ಯೂಟನ್‌ಗೆ, ಅಂದರೆ ಎರಡೂಕಾಲು ಕಿಲೋಗೆ, ಮಿತಿಗೊಳಿಸಿದೆ. 90 ಡಿಗ್ರಿಯಿಂದ 12 ಡಿಗ್ರಿಗೆ ಬರಲು ಕನಿಷ್ಠ 5 ಸೆಕೆಂಡ್ ಬೇಕು ಎಂದೂ ಹೇಳುತ್ತದೆ. ಗಾಳಿಯ ಒತ್ತಡವನ್ನೂ ಮರೆಯಬಾರದು. ಬೆಂಕಿಯ ಸಮಯದಲ್ಲಿ ಮೆಟ್ಟಿಲ ಕೋಣೆಗೆ ಹೊಗೆ ನುಗ್ಗದಂತೆ ಫ್ಯಾನ್‌ಗಳಿಂದ 50 ಪಾಸ್ಕಲ್ ಒತ್ತಡ ಏರಿಸಿದರೆ, 1.9 ಚದರ ಮೀಟರಿನ ಬಾಗಿಲಿನ ಮೇಲೆ ಸುಮಾರು 95 ನ್ಯೂಟನ್ ಬೀಳುತ್ತದೆ, ಹಿಡಿಕೆಯ ಬಳಿ ಅದರ ಅರ್ಧ. ಸ್ಪ್ರಿಂಗಿನ ಬಲಕ್ಕೆ ಇದನ್ನು ಕೂಡಿಸಿ ನೋಡಬೇಕು.

ಅಂಗಡಿ, ಬ್ಯಾಂಕುಗಳ ಗಾಜಿನ ಬಾಗಿಲಿಗೆ ಕ್ಲೋಸರಿನ ಕೆಲಸ ಮಾಡುವುದು ನೆಲದೊಳಗಿನ ಪೆಟ್ಟಿಗೆಯಲ್ಲಿರುವ ಫ್ಲೋರ್ ಸ್ಪ್ರಿಂಗ್. 12 ಮಿಲಿಮೀಟರ್ ಗಾಜು ಚದರ ಮೀಟರಿಗೆ 30 ಕಿಲೋ ತೂಗುವುದರಿಂದ ಸಾಮಾನ್ಯ ಅಳತೆಯ ಬಾಗಿಲೇ 57 ಕಿಲೋ. ಫ್ಲೋರ್ ಸ್ಪ್ರಿಂಗಿನ ಆಯಸ್ಸನ್ನು ಕಡಿಮೆ ಮಾಡುವುದು ಭಾರಕ್ಕಿಂತ ಹೆಚ್ಚಾಗಿ ಬೆಳಗಿನ ಬಕೆಟ್ ನೀರು: ಮುಚ್ಚಳದ ಅಂಚಿನಿಂದ ಇಳಿದ ನೀರು ಪೆಟ್ಟಿಗೆಯಲ್ಲಿ ನಿಂತು ಒಳಗಿಂದ ತುಕ್ಕು ಹತ್ತಿಸುತ್ತದೆ.

ಇನ್ನು ಹೊರದಾರಿ. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ, ಒಬ್ಬೊಬ್ಬರೇ ಹೋಗುವಷ್ಟು ಸಂದಿಯಲ್ಲಿ ಅಗುಳಿ ಹಾಕಿ ನಿಲ್ಲಿಸಿದ್ದ ಬಾಗಿಲಿನ ಹಿಂದೆ ನೂಕುನುಗ್ಗಲಾಗಿ 183 ಮಕ್ಕಳು ಸತ್ತರು. 1892ರಲ್ಲಿ ಬ್ರಿಟನ್ನಿನ ರಾಬರ್ಟ್ ಬ್ರಿಗ್ಸ್, ಒಳಗಿನಿಂದ ಒತ್ತಿದರೆ ತೆರೆಯುವ ಅಗುಳಿಗೆ ಹಕ್ಕುಪತ್ರ ಪಡೆದರು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ರಂಗಮಂದಿರದ ಬೆಂಕಿಯಲ್ಲಿ 602 ಮಂದಿ ಮಡಿದ ಬಳಿಕ, ಇಂಡಿಯಾನಾಪೊಲಿಸ್‌ನ ಕಾರ್ಲ್ ಪ್ರಿಂಜ್ಲರ್ ಮತ್ತು ವಾಸ್ತುಶಿಲ್ಪಿ ಹೆನ್ರಿ ಡುಪಾಂಟ್ ರೂಪಿಸಿದ ಪ್ಯಾನಿಕ್ ಬಾರ್ (ತಳ್ಳಿದೊಡನೆ ಚಿಲಕ ಬಿಡುವ ಅಡ್ಡಪಟ್ಟಿ) 1908ರಲ್ಲಿ ಮಾರುಕಟ್ಟೆಗೆ ಬಂತು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತದ್ದಕ್ಕೂ ಬಾಲ್ಕನಿಯ ಮುಚ್ಚಿದ ಹೊರದಾರಿಗಳು ಒಂದು ಕಾರಣ. ಗುಂಪು ಬಾಗಿಲಿಗೆ ಒತ್ತಿಕೊಂಡಾಗ ಒತ್ತಡ ಚಿಲಕದ ನಾಲಗೆಯನ್ನು ಚೌಕಟ್ಟಿಗೆ ಅಮುಕುತ್ತದೆ, ಘರ್ಷಣೆ ಹೆಚ್ಚಿ ಸಾಧಾರಣ ಹಿಡಿಕೆ ತಿರುಗುವುದೇ ಇಲ್ಲ. ಆದ್ದರಿಂದಲೇ ಇಎನ್ 1125 ಮಾನದಂಡವು ಪ್ಯಾನಿಕ್ ಬಾರ್ 80 ನ್ಯೂಟನ್ ಒಳಗೆ ತೆರೆಯಬೇಕೆಂದು ಹೇಳುವುದರ ಜೊತೆಗೆ, ಬಾಗಿಲಿನ ಮೇಲೆ 1,000 ನ್ಯೂಟನ್ ಒತ್ತಡವಿರುವಾಗಲೂ 220 ನ್ಯೂಟನ್ ಮೀರಬಾರದೆಂದು ವಿಧಿಸುತ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೊರದಾರಿಯ ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬೇಕೆನ್ನುತ್ತದೆ. ಕಳ್ಳರ ಭಯಕ್ಕೆ ಅಂಥ ಬಾಗಿಲಿಗೆ ಸರಪಳಿ ಸುತ್ತುವ ಬದಲು, ತೆರೆದೊಡನೆ ಕೂಗುವ ಅಲಾರಂ ಇರುವ ಬಾರ್ ಹಾಕಬಹುದು. ಬೆರಳಚ್ಚಿನ ಬೀಗ ಹಾಕುವ ಕಚೇರಿಗಳು ಕರೆಂಟು ಹೋದಾಗ ಅದು ತೆರೆದುಕೊಳ್ಳುವ ಜಾತಿಯೋ, ಮುಚ್ಚಿಕೊಂಡೇ ಉಳಿಯುವ ಜಾತಿಯೋ ಎಂದು ಕೊಳ್ಳುವ ಮೊದಲೇ ಕೇಳಬೇಕು. ಎರಡನೆಯದಾದರೆ ಒಳಗಿನಿಂದ ಯಾಂತ್ರಿಕವಾಗಿ ತೆರೆಯುವ ಹಿಡಿಕೆ ಇರಲೇಬೇಕು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ಮಹಡಿಗಳಿಗೆ ಹರಡಿ 9 ಮಂದಿ ಪ್ರಾಣ ಕಳೆದುಕೊಂಡರು. ಮೆಟ್ಟಿಲ ಕೋಣೆಯ ಬಾಗಿಲು ತಾನಾಗಿ ಮುಚ್ಚಿ ಚಿಲಕ ಬೀಳುವಂತಿದ್ದರೆ ಮಾತ್ರ ಹೊಗೆ ಆ ದಾರಿಯನ್ನು ತುಂಬದೆ ಉಳಿಯುತ್ತದೆ. ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟರೆ ಕ್ಲೋಸರ್ ಇದ್ದೂ ಇಲ್ಲದಂತೆ. ಓಡಾಟಕ್ಕೆ ಅಡ್ಡಿಯೆನಿಸುವಲ್ಲಿ ಅಗ್ನಿ ಎಚ್ಚರಿಕೆ ವ್ಯವಸ್ಥೆಗೆ ಜೋಡಿಸಿದ ವಿದ್ಯುತ್ಕಾಂತದ ಹಿಡಿತ ಹಾಕಿಸಬಹುದು. ಅಲಾರಂ ಮೊಳಗಿದೊಡನೆ ಕಾಂತ ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ.

ಹಳೆಯ ಕಟ್ಟಡವನ್ನು ಸುಧಾರಿಸಲು ಹೊರಟವರು ಎಲ್ಲ ಬಾಗಿಲುಗಳನ್ನೂ ಒಂದೇ ಸಲ ಬದಲಿಸಬೇಕಿಲ್ಲ. ಬಾಗಿಲು ನೆಲಕ್ಕೆ ಉಜ್ಜುತ್ತಿದ್ದರೆ ಕ್ಲೋಸರ್ ಬದಲಿಸಿ ಪ್ರಯೋಜನವಿಲ್ಲ, ಮೊದಲು ಚೌಕಟ್ಟು ನೆಟ್ಟಗಿದೆಯೇ, ಮೇಲಿನ ಹಿಂಜ್‌ನ ಸ್ಕ್ರೂಗಳಿಗೆ ಹಿಡಿತವಿದೆಯೇ ಎಂದು ನೋಡಬೇಕು. ಹಣವನ್ನು ಮೊದಲು ಹೊರದಾರಿ ಮತ್ತು ಮೆಟ್ಟಿಲ ಬಾಗಿಲುಗಳಿಗೆ, ಆಮೇಲೆ ಮುಂಬಾಗಿಲಿಗೆ, ಅನಂತರ ಶೌಚಾಲಯಗಳಿಗೆ ಹಾಕುವುದು ಸರಿಯಾದ ಕ್ರಮ. ದಿನಕ್ಕೆ ಎರಡು ಸಲ ತೆರೆಯುವ ದಾಸ್ತಾನು ಕೋಣೆಗೆ ಈಗಿರುವ ಹಿಂಜೇ ಸಾಕು.