ಮೀಸಲು ಸೈನಿಕರ ನಿಯೋಜನೆ: ಕೆಲಸ ಉಳಿದರೂ ಮನೆ ಬದಲಾಗುವ ಬಗೆ

ಅಮೆರಿಕದ ನ್ಯಾಷನಲ್ ಗಾರ್ಡ್ ಮತ್ತು ಮೀಸಲು ಪಡೆಗಳಲ್ಲಿರುವ ಹೆಚ್ಚಿನವರು ಉಳಿದ ದಿನಗಳಲ್ಲಿ ಶಿಕ್ಷಕರೋ, ಪೊಲೀಸರೋ, ನರ್ಸ್‌ಗಳೋ ಆಗಿ ದುಡಿಯುವವರು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರಗಳ ತರಬೇತಿ ಎಂಬುದು ಅವರ ಸೇವೆಯ ಹಳೆಯ ಲೆಕ್ಕ. 2001ರ ನಂತರ ಅಫ್ಘಾನಿಸ್ತಾನ ಮತ್ತು ಇರಾಕ್‌ಗೆ ದೊಡ್ಡ ಸಂಖ್ಯೆಯಲ್ಲಿ ಕರೆ ಹೋದಾಗ ಆ ಲೆಕ್ಕ ತಪ್ಪಿತು. ತಿಂಗಳುಗಟ್ಟಲೆ ಕೆಲಸದಿಂದಲೂ ಮನೆಯಿಂದಲೂ ದೂರವಿರುವುದು ಸಾಮಾನ್ಯವಾಯಿತು.

ಇವರ ಉದ್ಯೋಗಕ್ಕೆ ರಕ್ಷಣೆ ನೀಡುವುದು 1994ರ ಯುಸೆರಾ (USERRA) ಎಂಬ ಕಾಯ್ದೆ. ಇದರ ತಿರುಳಾದ 'ಎಸ್ಕಲೇಟರ್ ತತ್ವ'ವನ್ನು ನಾವು ಸರಿಯಾಗಿ ಗ್ರಹಿಸಬೇಕು. ಸೈನಿಕ ಹಿಂತಿರುಗಿದಾಗ ಬಿಟ್ಟುಹೋದ ಹುದ್ದೆಯನ್ನಷ್ಟೇ ಕೊಟ್ಟರೆ ಸಾಲದು. ಹೋಗದೆ ಇದ್ದಿದ್ದರೆ ಈ ಹೊತ್ತಿಗೆ ಎಲ್ಲಿರುತ್ತಿದ್ದನೋ ಆ ಹುದ್ದೆ, ಆ ಸಂಬಳ, ಆ ಸೇವಾ ಹಿರಿತನ ಸಿಗಬೇಕು. ಎಸ್ಕಲೇಟರ್ ಕೆಳಗೂ ಇಳಿಯಬಹುದೆಂಬುದನ್ನು ಮರೆಯಬಾರದು: ಅವನಿದ್ದರೂ ಆ ವಿಭಾಗ ಮುಚ್ಚಿ ಕೆಲಸ ಹೋಗುತ್ತಿತ್ತೆಂದು ಮಾಲೀಕ ಸಾಬೀತುಪಡಿಸಿದರೆ ಈ ಹಕ್ಕು ಉಳಿಯುವುದಿಲ್ಲ. ಒಬ್ಬ ಮಾಲೀಕನ ಬಳಿ ಒಟ್ಟು 5 ವರ್ಷಗಳ ಸೇವೆಯವರೆಗೆ, ಕೆಲವು ವಿನಾಯಿತಿಗಳೊಂದಿಗೆ, ಈ ರಕ್ಷಣೆಯಿದೆ. 180 ದಿನಗಳಿಗಿಂತ ಹೆಚ್ಚು ಸೇವೆ ಸಲ್ಲಿಸಿದವರು 90 ದಿನಗಳೊಳಗೆ ಮರಳಿ ಅರ್ಜಿ ಹಾಕಿದರಾಯಿತು.

ಗಾಯಗೊಂಡು ಬಂದವರ ಸ್ಥಿತಿ ಇನ್ನೂ ಕಷ್ಟದ್ದು. ಇರಾಕ್‌ನಲ್ಲಿ ಕಸ ಸುಡುವ ಗುಂಡಿಗಳ ಹೊಗೆಯಿಂದ ಶ್ವಾಸಕೋಶ ಕೆಡಿಸಿಕೊಂಡ ಟೆಕ್ಸಾಸ್ ರಾಜ್ಯ ಪೊಲೀಸ್ ಸಿಬ್ಬಂದಿಯೊಬ್ಬರು ಬೇರೆ ಕೆಲಸ ಕೋರಿ ಹೂಡಿದ ದಾವೆ ಸುಪ್ರೀಂ ಕೋರ್ಟ್ ತನಕ ಹೋಯಿತು. ರಾಜ್ಯ ಸರ್ಕಾರಗಳೂ ಈ ಕಾಯ್ದೆಯಡಿಯ ದಾವೆಯಿಂದ ತಪ್ಪಿಸಿಕೊಳ್ಳಲಾರವೆಂದು 2022ರಲ್ಲಿ ತೀರ್ಪು ಬಂತು.

ಇಷ್ಟೆಲ್ಲ ರಕ್ಷಣೆ ಸಿಗುವುದು ಹೋದವನ ಹುದ್ದೆಗೆ. ನನಗೆ ಮುಖ್ಯವಾಗಿ ಕಾಣುವ ಕೊರತೆ ಇಲ್ಲಿಯೇ ಇದೆ. ಒಂದು ಕಲ್ಪಿತ ಮನೆಯನ್ನು ನೋಡೋಣ. ಗಂಡ ಗೋದಾಮಿನ ಮೇಲ್ವಿಚಾರಕ, ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್, ಮಗು ಒಂದನೇ ತರಗತಿಯಲ್ಲಿದೆ. ಗಂಡನಿಗೆ ಕರೆ ಬಂದ ಮೇಲೆ ರಾತ್ರಿ ಮಗುವಿನ ಬಳಿ ಯಾರೂ ಇಲ್ಲದೆ ಹೆಂಡತಿ ಹಗಲು ಪಾಳಿಗೆ ಬದಲಾಗುತ್ತಾಳೆ. ರಾತ್ರಿ ಪಾಳಿಯ ಹೆಚ್ಚುವರಿ ಭತ್ಯೆ ನಿಲ್ಲುತ್ತದೆ, ಶಾಲೆ ಬಿಟ್ಟ ಮೇಲಿನ ಡೇ ಕೇರ್ ಶುಲ್ಕ ಸೇರುತ್ತದೆ, ಮುಂದಿನ ಬಡ್ತಿಗೆ ಬೇಕಾದ ತರಬೇತಿಯೂ ಕೈತಪ್ಪುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಅರ್ಹ ಉದ್ಯೋಗಿಗೆ ಇಂಥ ನಿಯೋಜನೆಯ ತುರ್ತುಗಳಿಗಾಗಿ 12 ವಾರಗಳ ರಜೆಯುಂಟು, ಆದರೆ ಸಂಬಳವಿಲ್ಲ. ಗಂಡ ಮರಳಿ ಬಂದು ಏರಿದ ಹುದ್ದೆಗೇ ಸೇರಬಹುದು. ಹೆಂಡತಿ ಕಳೆದುಕೊಂಡ ವರ್ಷಕ್ಕೆ ಎಸ್ಕಲೇಟರ್ ಇಲ್ಲ.

ಬೇರೆ ಉದ್ಯೋಗದಲ್ಲಿದ್ದುಕೊಂಡೇ ಸೇವೆ ಸಲ್ಲಿಸುವವರ ಪಡೆಯಾದ ನಮ್ಮ ಟೆರಿಟೋರಿಯಲ್ ಆರ್ಮಿಯ ಬಗ್ಗೆ ಓದುವಾಗಲೂ ಇದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳಬೇಕು. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಸೆಕ್ಷನ್ ಸೇವೆಯಿಂದ ಮರಳಿದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಹೊಣೆಯನ್ನು ಉದ್ಯೋಗದಾತನ ಮೇಲೆ ಹೊರಿಸುತ್ತದೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಸೈನಿಕನ ಹುದ್ದೆ ಮಾತ್ರ.