‘ತಪ್ಪಾಗಿದೆ’ ಎಂದರೆ ತಪ್ಪು ಒಪ್ಪಿಕೊಂಡಂತೆಯೇ?

ಪ್ರಶ್ನೆ: ಸಾರ್ವಜನಿಕವಾಗಿ ಪ್ರಶ್ನಿಸಿದಾಗ ಅಧಿಕಾರಿಗಳು ‘ಲೋಪವಾಗಿದೆ’ ಎನ್ನುತ್ತಾರೆ, ವಿಷಾದವನ್ನೂ ವ್ಯಕ್ತಪಡಿಸುತ್ತಾರೆ. ಆದರೂ ಯಾರೂ ಹೊಣೆ ಹೊತ್ತಂತೆ ಅನಿಸುವುದಿಲ್ಲ. ಏಕೆ?

ಉತ್ತರ: ನಿಮಗೆ ಅನಿಸಿದ್ದು ಸರಿ. ‘ನಾನು ತಪ್ಪು ಮಾಡಿದೆ’ ಎಂಬ ಮಾತಿನಲ್ಲಿ ‘ನಾನು’ ಬಿಟ್ಟರೂ ‘ಮಾಡಿದೆ’ ಎಂಬ ಕ್ರಿಯಾಪದವೇ ಮಾಡಿದವನನ್ನು ಹಿಡಿದುಕೊಡುತ್ತದೆ. ‘ಮಾಡು’ ಹೋಗಿ ‘ಆಗು’ ಬಂದರೆ ಆ ಹಿಡಿತ ಸಡಿಲುತ್ತದೆ. ತಪ್ಪಾಗಿದೆ, ವಿಳಂಬವಾಗಿದೆ, ಕಡತ ಕಾಣೆಯಾಗಿದೆ. ಮಳೆಯಾಯಿತು, ಕತ್ತಲಾಯಿತು ಎಂಬಂತೆ ಎಲ್ಲವೂ ತಾನಾಗಿಯೇ ನಡೆದುಹೋಗುತ್ತದೆ. ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ಮಣಿ ಪ್ರಯೋಗವೂ ಇದೇ ಕುಲದ್ದು. ಯಾರು, ಯಾವಾಗ ಎಂಬ ಎರಡೂ ಅದರಲ್ಲಿಲ್ಲ.

ಇದು ಯಾವುದೋ ಒಂದು ಭಾಷೆಯ ದೋಷವಲ್ಲ. ಇರಾನ್‌ಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ್ದು ಬಯಲಾದ ಮೇಲೆ, 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ‘ಗಂಭೀರ ತಪ್ಪುಗಳಾದವು’ ಎಂದರು. ಯಾರಿಂದ ಎಂದು ಹೇಳಲಿಲ್ಲ. ಫೆಬ್ರುವರಿಯಲ್ಲಿ, ಈ ಪ್ರಕರಣ ಪರಿಶೀಲಿಸಿದ ಟವರ್ ಆಯೋಗದ ವರದಿ ಬಂತು. ಮಾರ್ಚ್ ಭಾಷಣದಲ್ಲಿ, ತಮ್ಮ ಹಾಗೂ ತಮ್ಮ ಆಡಳಿತದ ಕೃತ್ಯಗಳ ಪೂರ್ಣ ಹೊಣೆ ತಮ್ಮದೆಂದರು. ದಾಖಲೆ ಎದುರು ನಿಂತ ಮೇಲೆ ‘ನಾನು’ ಮಾತಿಗೆ ಮರಳಿತು.

‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬುದು ನನಗೆ ಇನ್ನೂ ಕ್ರೂರವಾಗಿ ಕೇಳಿಸುತ್ತದೆ. ವಿಷಾದಿಸುವವರು ಇದ್ದಾರೆ, ನೋಯಿಸಿದವರಿಲ್ಲ. ನೋವೂ ‘ಆಗಿದ್ದರೆ’ ಮಾತ್ರ! ತಮಗೆ ನೋವಾಗಿದೆಯೆಂದು ನೊಂದವರೇ ಸಾಬೀತುಪಡಿಸಬೇಕು.

‘ತನಿಖೆ ನಡೆಯುತ್ತಿದೆ’ ಎಂಬುದು ಸದಾ ನೆಪವಲ್ಲ. ಅವಘಡದ ಮೊದಲ ಗಂಟೆಗಳಲ್ಲಿ ಕಾರಣ ನಿಜಕ್ಕೂ ತಿಳಿದಿರುವುದಿಲ್ಲ. ತನಿಖೆ ಯಾರದು, ವರದಿ ಯಾವ ದಿನ ಎಂದು ಕೇಳಿ. ಹೆಸರೂ ದಿನಾಂಕವೂ ಸಿಕ್ಕರೆ ಆ ಮಾತಿಗೆ ತೂಕವಿದೆ.

ಆದರೆ ಕರ್ತೃಪದ ಸಿಕ್ಕಿತೆಂದು ಸುಮ್ಮನಾಗಬೇಡಿ. ಕೆಲವೊಮ್ಮೆ ಅದು ಮಾಯವಾಗುವುದಿಲ್ಲ, ಬದಲಾಗುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲು 97 ಜನರ ಜೀವ ತೆಗೆಯಿತು. ಹೊರಗಿನ ಗೇಟು ತೆರೆಯಿರಿ ಎಂದು ಆದೇಶಿಸಿದ್ದು ಬಂದೋಬಸ್ತಿನ ಹೊಣೆ ಹೊತ್ತ ಪೊಲೀಸ್ ಅಧಿಕಾರಿ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದು ಅವರು ಹೇಳಿದರು. ಅದು ಸುಳ್ಳೆಂದು ವಿಚಾರಣೆಯಲ್ಲಿ ಅವರು ಒಪ್ಪಿಕೊಂಡಿದ್ದು 2015ರಲ್ಲಿ. ಸತ್ತವರ ಮನೆಯವರು ಅಷ್ಟೂ ವರ್ಷ, ತಮ್ಮವರ ಸಾವಿಗೆ ತಮ್ಮವರನ್ನೇ ಹೊಣೆ ಮಾಡಿದ ಆ ಮಾತಿನ ವಿರುದ್ಧ ಹೋರಾಡಿದ್ದರು.