600 ಎಚ್‌ಪಿ ಅಂತಾರೆ, ನಂಬಬಹುದಾ?

ಓದುಗರ ಪ್ರಶ್ನೆ: ಬೆಂಗಳೂರಲ್ಲಿ ಕಾರುಪ್ರಿಯರು ಸೇರೋ ಕಡೆ ಮೈ ಅಗಲ ಮಾಡಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೋ ದೊಡ್ಡ ಟರ್ಬೊ ಕೂರಿಸಿದ ಸ್ಪೋರ್ಟ್ಸ್ ಕಾರು ಬಂದರೆ ಅರ್ಧ ಜನ ‘ಏನ್ ಕೆಲಸ ಗುರು’ ಅಂತಾರೆ, ಇನ್ನರ್ಧ ಜನ ‘ಒಳ್ಳೆ ಗಾಡೀನ ಹಾಳು ಮಾಡ್ಬಿಟ್ಟ’ ಅಂತಾರೆ. ಮಾಲೀಕರು 600 ಎಚ್‌ಪಿ ಅಂದರೆ ನಂಬಬಹುದಾ? ನಿಜವಾದ ಕೆಲಸವೋ ಬರೀ ತೋರಿಕೆಯೋ ಅಂತ ತಿಳಿಯೋದು ಹೇಗೆ?

ಎಚ್‌ಪಿ ಎಷ್ಟು ಅನ್ನುವುದನ್ನು ಕೊನೆಗೆ ಕೇಳಿ. ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿಯದು, ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಪ್ರೆಶರ್ ಎಷ್ಟು, ಬ್ರೇಕ್ ಫ್ಲೂಯಿಡ್ ಬದಲಾಯಿಸಿದ್ದು ಯಾವಾಗ, ಇವು ಮೊದಲು ಬರಲಿ. ಮಾಲೀಕರು ಇವಕ್ಕೆ ತಡವರಿಸದೆ ಉತ್ತರಿಸಿದರೆ ಕಾರು 600 ಇರಲಿ 350 ಇರಲಿ, ಹಿಂದೆ ಕೆಲಸ ನಡೆದಿದೆ ಎಂದರ್ಥ. ಎಂಜಿನ್ನಿಂದ ಶಕ್ತಿ ತೆಗೆಯುವುದು ಈಗ ಅಷ್ಟು ಕಷ್ಟವಲ್ಲ. ಆ ಶಕ್ತಿಯನ್ನು ತಡೆದುಕೊಳ್ಳಲು ಕಾರಿನಲ್ಲಿ ಇನ್ನೇನೇನು ಬದಲಾಗಬೇಕೋ ಅದರಲ್ಲಿ ದುಡ್ಡು, ಸಮಯ, ತಲೆನೋವು ಎಲ್ಲ ಇದೆ.

ಈ ಊರಲ್ಲಿ ಎಚ್‌ಪಿ ಉಬ್ಬುವುದಕ್ಕೆ ಊರಿನ ಎತ್ತರವೂ ಒಂದು ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಇದ್ದರೆ ಇಲ್ಲಿ 91ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು, ಕಾರಿನ ಶಕ್ತಿ ಅಳೆಯುವ ಯಂತ್ರವಾದ ಡೈನೊದ ಸಾಫ್ಟ್‌ವೇರ್ ಅಳತೆಯನ್ನು ಒಂದು ತಿದ್ದುಪಡಿ ಅಂಕಿಯಿಂದ ಗುಣಿಸುತ್ತದೆ. ಇಲ್ಲಿನ ಒತ್ತಡಕ್ಕೆ ಅದು ಸುಮಾರು 1.13. ಟರ್ಬೊ ಇಲ್ಲದ ಕಾರಿಗೆ ಇದು ನ್ಯಾಯ. ಟರ್ಬೊ ಕಾರಿನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಯ, ಒಟ್ಟು ಒತ್ತಡವನ್ನು ಗುರಿಯಾಗಿಟ್ಟುಕೊಂಡಿದ್ದರೆ, ಗಾಳಿ ತೆಳುವಾದಷ್ಟೂ ಟರ್ಬೊ ಹೆಚ್ಚು ವೇಗವಾಗಿ ತಿರುಗಿ ಕೊರತೆಯನ್ನು ತಾನೇ ತುಂಬಿಕೊಂಡಿರುತ್ತದೆ. ಅದರ ಮೇಲೂ 1.13ರಿಂದ ಗುಣಿಸಿದರೆ ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ಹಾಕಿದ ಹಾಗೆ.

ಇದಾದ ಮೇಲೆ ಇನ್ನೊಂದು ಗುಣಾಕಾರ ಬಾಕಿ ಇರುತ್ತದೆ. ಡೈನೊ ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ನೂರಕ್ಕೆ 15 ತಿಂದಿವೆ ಎಂದು ಅಂದಾಜು ಮಾಡಿ, ಎಂಜಿನ್ನಿನಲ್ಲೇ ಹುಟ್ಟಿದ ಶಕ್ತಿ ಎಂದು ‘ಕ್ರ್ಯಾಂಕ್ ಎಚ್‌ಪಿ’ ಹೇಳುತ್ತಾರೆ. ಚಕ್ರದಲ್ಲಿ ಅಳೆದದ್ದು 440 ಎಂದುಕೊಳ್ಳಿ. 1.13ರಿಂದ ಗುಣಿಸಿದರೆ 497. ಅದನ್ನು 0.85ರಿಂದ ಭಾಗಿಸಿದರೆ 585. ದುಂಡಗೆ ಹೇಳುವಾಗ 600! ಸುಳ್ಳು ಯಾರೂ ಹೇಳಿಲ್ಲ, ಆದರೂ ಕಾರು 600ರದ್ದಲ್ಲ. ಡೈನೊ ಹಾಳೆ ಕೇಳಿ, ತಿದ್ದುಪಡಿ ಇಲ್ಲದ ಚಕ್ರದ ಅಂಕಿಯನ್ನಷ್ಟೇ ನೋಡಿ. ಹಾಳೆಯಲ್ಲಿ ಗಾಳಿ–ಇಂಧನದ ಗೆರೆಯೂ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಗೆರೆಯೂ ಇಲ್ಲದಿದ್ದರೆ ಅದರಿಂದ ತಿಳಿಯುವುದು ಹೆಚ್ಚೇನಿಲ್ಲ.

ಹಾಳೆಯೇ ಇಲ್ಲ ಎಂದರೆ ಇಂಜೆಕ್ಟರ್ ಲೆಕ್ಕ ಹಾಕಿ. ಪೆಟ್ರೋಲಿನಲ್ಲಿ ಓಡುವ ಟರ್ಬೊ ಎಂಜಿನ್ನಿಗೆ ಒಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 6 ಸಿಸಿ ಇಂಧನ ಬೇಕು. ಇಂಜೆಕ್ಟರನ್ನು ಅದರ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು ದುಡಿಸಬಾರದು. ನಾಲ್ಕು ಸಿಲಿಂಡರಿಗೆ 550 ಸಿಸಿಯ ನಾಲ್ಕು ಇಂಜೆಕ್ಟರ್ ಇದ್ದರೆ ಒಟ್ಟು 2200, ಅದರ ಶೇ 80 ಎಂದರೆ 1760, ಆರರಿಂದ ಭಾಗಿಸಿದರೆ ಸುಮಾರು 290 ಎಚ್‌ಪಿ. ಇಂಧನದ ಒತ್ತಡವನ್ನು 3 ಬಾರ್‌ನಿಂದ 4 ಬಾರ್‌ಗೆ ಏರಿಸಿದರೂ ಹರಿವು ಹೆಚ್ಚುವುದು ಶೇ 15 ಮಾತ್ರ. ಈ ಇಂಜೆಕ್ಟರ್ ಇಟ್ಟುಕೊಂಡು 500 ಎನ್ನುವುದು ಆಗದ ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಲೆಕ್ಕ ಇನ್ನೂ ಬಿಗಿ. ಒಂದು ಪಾಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹಳೆಯ ಪೆಟ್ರೋಲಿನಲ್ಲಿ ಮಾಡಿದ ಟ್ಯೂನನ್ನು (ಇಸಿಯುನಲ್ಲಿ ಕೂರಿಸಿದ ಇಂಧನ, ಬೂಸ್ಟಿನ ಲೆಕ್ಕ) ಮತ್ತೆ ನೋಡದೆ ಹಾಗೇ ಓಡಿಸಿದರೆ, ಪೂರ್ತಿ ಬೂಸ್ಟಿನಲ್ಲಿ ಇಂಧನ ಕಮ್ಮಿಯಾಗಿ ಪಿಸ್ಟನ್ ಹೋಗಬಹುದು.

ಪಿಸ್ಟನ್ ಹೋಗುವ ಬಗೆಯೂ ಬಹುತೇಕ ಒಂದೇ. ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ಹದ ತಪ್ಪಿ ಸಿಡಿಯುವುದು) ಶುರುವಾಗಿ, ಪಿಸ್ಟನ್ ಸುತ್ತಲಿನ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಅಂಚು ಮುರಿಯುತ್ತದೆ. ಇದಕ್ಕೆ ಟ್ಯೂನರನ್ನು ಬೈಯುವವರೇ ಹೆಚ್ಚು. ಎಷ್ಟೋ ಸಲ ತಪ್ಪು ಎಂಜಿನ್ ಜೋಡಿಸಿದ ಕಡೆ ಇರುತ್ತದೆ: ರಿಂಗಿನ ತುದಿಗಳ ಸಂದನ್ನು ಮಾಮೂಲಿ ಅಳತೆಗೇ ಬಿಟ್ಟಿರುತ್ತಾರೆ. 86 ಮಿ.ಮೀ. ಬೋರಿಗೆ (ಸಿಲಿಂಡರಿನ ಒಳವ್ಯಾಸ) ಟರ್ಬೊ ಇಲ್ಲದಿದ್ದರೆ 0.35 ಮಿ.ಮೀ. ಸಾಕು. ಜೋರು ಬೂಸ್ಟಿಗೆ 0.5 ಮಿ.ಮೀ. ಹತ್ತಿರ ಬೇಕು. ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಒತ್ತಿದರೆ ಅಂಚನ್ನು ಕಿತ್ತುಕೊಂಡೇ ಬರುತ್ತವೆ. ಪ್ರತಿ ಸಿಲಿಂಡರಿನ ಸಂದನ್ನೂ ಬರೆದಿಟ್ಟ ಚೀಟಿ ಕೇಳಿ. ಕೆಲಸ ಬಲ್ಲ ಗ್ಯಾರೇಜು ಅದನ್ನು ಬಿಸಾಡುವುದಿಲ್ಲ.

ಎಕ್ಸಾಸ್ಟಿನಲ್ಲಿ ನೀಲಿ ಹೊಗೆ ಬಂದರೆ ‘ಟರ್ಬೊ ಸೀಲು ಹೋಯ್ತು’ ಎಂದು ಹೊಸ ಟರ್ಬೊ ತರಿಸುವ ಮೊದಲು ಆಯಿಲ್ ವಾಪಸ್ ಪೈಪನ್ನು ನೋಡಬೇಕು. ಟರ್ಬೊದಿಂದ ಆಯಿಲ್ ಒತ್ತಡದಲ್ಲಿ ಹಿಂತಿರುಗುವುದಿಲ್ಲ, ಬರೀ ತನ್ನ ಭಾರಕ್ಕೆ ಇಳಿಯುತ್ತದೆ. ಪೈಪ್ ಎಲ್ಲೂ ಮೇಲೇಳದೆ ಇಳಿಜಾರಾಗಿ ಹೋಗಿ, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಜಾಗ ಸಾಲದೆಂದು ಯು ಆಕಾರಕ್ಕೆ ಬಗ್ಗಿಸಿದ್ದರೆ ಎಂಥ ಟರ್ಬೊ ತಂದರೂ ಸೋರುತ್ತದೆ.

ಇನ್ನು ಮೈ. ಜಗಳ ಜಾಸ್ತಿ ನಡೆಯುವುದೇ ಇಲ್ಲಿ. ಜಪಾನಿನ ಅಕಿರಾ ನಕಾಯಿ ತಮ್ಮ ಆರ್‌ಡಬ್ಲ್ಯುಬಿ ಹೆಸರಿನಲ್ಲಿ ಪೋರ್ಷೆ 911ರ 930, 964, 993 ಮಾದರಿಗಳ ಫೆಂಡರನ್ನು (ಚಕ್ರದ ಮೇಲಿನ ತಗಡು) ತಾವೇ ನಿಂತು ಕತ್ತರಿಸಿ ಅಗಲ ಮಾಡುತ್ತಾರೆ. ಇಂಥ ಏರ್‌ಕೂಲ್ಡ್ (ಎಂಜಿನ್ ಗಾಳಿಯಿಂದ ತಣಿಯುವ) 911 ತಯಾರಾಗುವುದು 1998ಕ್ಕೇ ನಿಂತಿದೆ, ಹಾಗಾಗಿ ಕತ್ತರಿಸಿದ ಪ್ರತಿಯೊಂದಕ್ಕೂ ಅಳುವವರಿದ್ದಾರೆ. ಅದೇ 964 ಅನ್ನು ಅಮೆರಿಕದ ಸಿಂಗರ್ ಸಂಸ್ಥೆ ಪೂರ್ತಿ ಬಿಚ್ಚಿ ಕಾರ್ಬನ್ ಫೈಬರ್ ಮೈ ಹಾಕಿದರೆ ಬೈಯುವ ದನಿ ಮೆತ್ತಗಾಗುತ್ತದೆ. ಸಿಂಗರ್ ಬಿಚ್ಚುವುದೂ ಮೂಲ ಕಾರನ್ನೇ. ಜನರ ತಕರಾರು ಕತ್ತರಿಗಿಂತ ಅಗಲ ಮಾಡಿದ ಭಾಗದಲ್ಲಿ ಕಣ್ಣಿಗೆ ಕಾಣುವ ರಿವೆಟ್ಟಿನ ಮೇಲೆ ಎನ್ನುವುದು ನಮ್ಮ ಗುಮಾನಿ.

ತಕರಾರು ಮಾಡುವವರು ಮರೆಯುವ ಸಂಗತಿ ಒಂದಿದೆ. ಸಾಮಾನ್ಯವಾಗಿ ಮುಂದಿನ ಫೆಂಡರ್ ಬೋಲ್ಟಿನಲ್ಲಿ ಕೂತಿರುತ್ತದೆ. ಕತ್ತರಿಸಿದರೂ ನಾಳೆ ಬೇರೆ ತಂದು ಹಾಕಬಹುದು. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಲಿನ ತಗಡು) ಕಾರಿನ ಮೈಗೇ ವೆಲ್ಡ್ ಆಗಿರುತ್ತದೆ, ವಾಪಸ್ ಬರಲಾರದ ಕೆಲಸ ಅದು. ಅಲ್ಲಿ ಹೊರತಗಡು, ಒಳತಗಡು ಎರಡೂ ಚಕ್ರದ ಕಮಾನಿನಲ್ಲಿ ಕೂಡುತ್ತವೆ. ಕತ್ತರಿಸಿದ ಮೇಲೆ ಅವನ್ನು ಮತ್ತೆ ಸೇರಿಸಿ ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆದು, ಸಂದಿಗೆ ಸೀಲರ್ ತುಂಬಿ ಆಮೇಲೆ ಫ್ಲೇರ್ (ಚಕ್ರದ ಮೇಲೆ ಕೂರುವ ಅಗಲದ ಅಂಚು) ಕೂರಿಸಬೇಕು. ಇದನ್ನು ಬಿಟ್ಟು ಫೈಬರ್ ಫ್ಲೇರಿನಿಂದ ಮುಚ್ಚಿ ಪುಟ್ಟಿ ಮೆತ್ತಿದರೆ ಕಾರಿನ ಹಿಂಭಾಗದ ಬಿಗಿ ಹೋಗುತ್ತದೆ, ಒಂದು ಮಳೆಗಾಲಕ್ಕೆ ಡಿಕ್ಕಿಯಲ್ಲಿ ನೀರು ನಿಲ್ಲುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಚಕ್ರದ ಕಡೆಗೆ ಟಾರ್ಚ್ ಬಿಡಿ. ಪ್ರೈಮರ್ ಕಾಣದ ತಗಡು, ತುಕ್ಕು ಅಥವಾ ಹೊರಗಿನ ಬೆಳಕು ಕಂಡರೆ ಟಿಂಕರಿಂಗ್ ಅರ್ಧಕ್ಕೇ ನಿಂತಿದೆ.

ಅಗಲ ಮಾಡಿದ ಮೇಲೆ ಒಳಗೆ ಕೂರುವ ಚಕ್ರಕ್ಕೂ ಲೆಕ್ಕವಿದೆ. ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ದೂರವನ್ನು (ಮಿ.ಮೀ.) ಆಫ್‌ಸೆಟ್ ಎನ್ನುತ್ತಾರೆ. 8 ಇಂಚು ಅಗಲ, 35 ಆಫ್‌ಸೆಟ್ ಇದ್ದ ರಿಮ್ಮಿನ ಜಾಗಕ್ಕೆ 10 ಇಂಚು, 15 ಆಫ್‌ಸೆಟ್ ರಿಮ್ ಬಂದರೆ ಹೊರಕ್ಕೆ ಸುಮಾರು 45 ಮಿ.ಮೀ., ಒಳಕ್ಕೆ 5 ಮಿ.ಮೀ. ಬೆಳೆಯುತ್ತದೆ. ಚಕ್ರದ ನಡುಗೆರೆ ಹೊರಕ್ಕೆ ಸರಿದ 20 ಮಿ.ಮೀ. ವೀಲ್ ಬೇರಿಂಗಿನ ಮೇಲೆ ಹೆಚ್ಚಿದ ಸನ್ನೆಕೋಲು. ಬ್ರೇಕ್ ಹಿಡಿದಾಗ ಸ್ಟೇರಿಂಗ್ ಒಂದು ಕಡೆ ಎಳೆಯುವುದಕ್ಕೂ ಇದು ಕಾರಣವಾಗಬಹುದು. ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿದ್ದರೆ ನಟ್ಟು ಎಷ್ಟು ಸುತ್ತು ಹಿಡಿಯುತ್ತದೆ ಎಣಿಸಿ: 12 ಮಿ.ಮೀ. ಸ್ಟಡ್ಡು, 1.5 ಮಿ.ಮೀ. ಎಳೆಯಾದರೆ ಕನಿಷ್ಠ 8 ಸುತ್ತು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಕನ್ನೂ ನೋಡಿ. 3517 ಎಂದರೆ 2017ರ 35ನೇ ವಾರ. ಲಕ್ಷಗಟ್ಟಲೆ ಸುರಿದ ಕಾರುಗಳಲ್ಲೇ ಇಂಥ ಗಟ್ಟಿಯಾದ ಹಳೇ ಟೈರು ಕಾಣುವುದು ವಿಚಿತ್ರ.

ಬ್ರೇಕಿನ ಬಗ್ಗೆ ಉದ್ದ ಮಾತು ಬೇಡ. ವೇಗ ಎರಡು ಪಟ್ಟಾದರೆ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. ದೊಡ್ಡ ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿದರೆ ಸಾಲದು. ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಫ್ಲೂಯಿಡ್ ಇಟ್ಟುಕೊಂಡು ನಂದಿಬೆಟ್ಟದಿಂದ ಜೋರಾಗಿ ಇಳಿದರೆ ಪೆಡಲ್ ನೆಲ ಮುಟ್ಟುತ್ತದೆ.

ಖಾಲಿ ರಸ್ತೆಗಿಂತ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲು ಇಂಥ ಕಾರಿಗೆ ದೊಡ್ಡ ಪರೀಕ್ಷೆ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಮುಂದೆ ನಿಂತು ರೇಡಿಯೇಟರಿನ ಗಾಳಿ ತಡೆಯುತ್ತದೆ. ಗಾಳಿ ಯಾವತ್ತೂ ಸುಲಭದ ದಾರಿ ಹುಡುಕುವುದರಿಂದ ಪಕ್ಕದ ಸಂದಿನಲ್ಲಿ ನುಸುಳಿ ರೇಡಿಯೇಟರನ್ನು ಮುಟ್ಟದೆಯೇ ಹೋಗುತ್ತದೆ. ಅಲ್ಯೂಮಿನಿಯಂ ತಗಡು, ಫೋಮಿನಿಂದ ಸುತ್ತಲೂ ಸಂದು ಮುಚ್ಚಿ, ಫ್ಯಾನಿಗೆ ಪೂರ್ತಿ ಶ್ರೌಡ್ (ಸುತ್ತುಗವಸು) ಕೊಟ್ಟಿದ್ದರೆ ಮಾಡಿದವರಿಗೆ ಕೆಲಸ ಗೊತ್ತು. ಇದು ಸಾವಿರಗಳಲ್ಲಿ ಮುಗಿಯುವ ಕೆಲಸ. ಫೋಟೊದಲ್ಲಿ ಕಾಣುವುದಿಲ್ಲ ಎಂದೇ ಬಿಟ್ಟುಬಿಡುತ್ತಾರೆ.

ಅಮೆರಿಕದ ರ್‍ಯಾಲಿ ಚಾಲಕ ಕೆನ್ ಬ್ಲಾಕ್ ಅವರ 1965ರ ಮಸ್ಟಾಂಗ್ ‘ಹೂನಿಕಾರ್ನ್’ ಹೆಸರು ಈ ಚರ್ಚೆಗಳಲ್ಲಿ ಬಂದೇ ಬರುತ್ತದೆ. ಮೊದಲು 845 ಎಚ್‌ಪಿ ಇದ್ದದ್ದು ಎರಡು ಟರ್ಬೊ ಸೇರಿ 1400 ಆಯಿತು. ಆದರೆ ಅದು ಕುಡಿಯುವುದು ಮೆಥನಾಲ್. ಮೆಥನಾಲ್ ಆವಿಯಾಗುವಾಗ ಒಳಗಾಳಿಯನ್ನು ತಣಿಸುತ್ತದೆ, ನಾಕಿಂಗ್ ತಡೆಯುತ್ತದೆ, ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಸುರಿಯಬೇಕಾಗುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಓಡುವ ಕಾರನ್ನು ಅದರ ಜೊತೆ ತೂಗುವುದು ತಪ್ಪು. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಹಾಕಿದರೆ ನಾಕಿಂಗಿನಿಂದ ಒಂದಿಷ್ಟು ನೆಮ್ಮದಿ. ಆದರೆ ಅದಕ್ಕೆಂದು ಟ್ಯೂನ್ ಮಾಡಿದ ಕಾರಿಗೆ ದಾರಿಯಲ್ಲಿ ಎಲ್ಲೋ ಸಾದಾ ಪೆಟ್ರೋಲ್ ತುಂಬಿಸಿದರೆ ಬೂಸ್ಟ್ ಇಳಿಸುವ ಎರಡನೇ ಮ್ಯಾಪ್ ಇಸಿಯುನಲ್ಲಿ ಇರಲೇಬೇಕು.

ಕಾನೂನು ಈ ಕಾರುಗಳ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಿದೆ. ‘ಪ್ರತಿ ಬದಲಾವಣೆಗೆ’ ಎಂಬ ಮಾತನ್ನು ಗಮನಿಸಿ. ಬೇರೆ ಕಾರಿನ ಎಂಜಿನ್ ಕೂರಿಸಿ ‘ಆರ್‌ಟಿಒದಲ್ಲಿ ಮಾಡಿಸಿಕೊಡ್ತೀವಿ’ ಎನ್ನುವವರ ಮಾತಿಗೆ ಮುಂಗಡ ಕೊಡಬೇಡಿ. ವಿಮೆ ಕಂಪನಿಗೆ ತಿಳಿಸದ ಬದಲಾವಣೆ, ಅಪಘಾತವಾದ ದಿನ ಕ್ಲೇಮು ತಳ್ಳಿಹಾಕಲು ನೆಪವಾಗುತ್ತದೆ.

ಹೀಗಾಗಿ ಇಂಥ ಕಾರಿಗೆ ಸರಿಯಾದ ಜಾಗ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್. ಅಲ್ಲಿಗೂ ಓಡಿಸಿಕೊಂಡು ಹೋಗದೆ ಫ್ಲಾಟ್‌ಬೆಡ್ ಮೇಲೆ ಒಯ್ಯಬೇಕು. ಮುಂದಿನ ಚಕ್ರದಿಂದ ಬಂಪರ್ ತುದಿಗೆ 90 ಸೆಂ.ಮೀ., ನೆಲದಿಂದ ಬಂಪರಿಗೆ 9 ಸೆಂ.ಮೀ. ಇದ್ದರೆ ಆ ಕಾರು ತಾಗದೆ ಹತ್ತಬಲ್ಲ ಇಳಿಜಾರು 6 ಡಿಗ್ರಿಗಿಂತ ಕಡಿಮೆ. ಬುಕ್ ಮಾಡುವಾಗಲೇ ಹೈಡ್ರಾಲಿಕ್ಕಿನಲ್ಲಿ ಹಿಂದಕ್ಕೆ ಜಾರಿ ನೆಲಕ್ಕೆ ಇಳಿಯುವ ಡೆಕ್ ಬೇಕೆಂದು ಹೇಳಿ, ಅಂಚಿಗೆ ಇಡಲು ಎರಡು ಉದ್ದ ಮರದ ಹಲಗೆ ಜೊತೆಗಿರಲಿ. ಕಾರನ್ನು ಕಟ್ಟುವ ಪಟ್ಟಿಯನ್ನು ಟೈರಿಗೆ ಸುತ್ತಿ ಬಿಗಿಸಬೇಕು. ಸಸ್ಪೆನ್ಷನ್ನಿನ ತೋಳಿಗೆ ಕಟ್ಟಿದರೆ ದಾರಿಯ ಹಂಪುಗಳಲ್ಲಿ ಕಾರು ಕುಣಿದು ಪಟ್ಟಿ ಸಡಿಲಾಗುತ್ತದೆ, ಟ್ರ್ಯಾಕ್ ತಲುಪುವಷ್ಟರಲ್ಲಿ ಅಲೈನ್‌ಮೆಂಟೂ ಹೋಗಿರಬಹುದು.